ಕಣ್ಣೀರಿಗೂ ಒಂದು ಮೀಟರ್: ಒಣಗಣ್ಣಿನ ಚರಿತ್ರೆ

ಸಂಘದ ವಾರ್ಷಿಕ ಸಂಚಿಕೆಗೆ ಈ ಸಲ ನೀವೂ ಏನಾದರೂ ಬರೆಯಲೇಬೇಕು ಅಂತ ಸಂಪಾದಕರು ಹಟ ಹಿಡಿದರು. ಕಥೆ, ಕವನ ನನ್ನ ಕೈಲಾಗದ ಕೆಲಸ. ಸರ್ಕಾರಿ ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ಮುಗಿಸಿ, ಹತ್ತು ವರ್ಷದಿಂದ ಕುವೈತ್‌ನಲ್ಲಿ ಮೇಂಟೆನೆನ್ಸ್ ಕೆಲಸದಲ್ಲಿರುವವನು ನಾನು. ಹಾಗಾಗಿ ನಮ್ಮ ಕ್ಯಾಂಪುಗಳಲ್ಲಿ ತುಂಬ ಜನ ಅನುಭವಿಸುವ, ಆದರೆ ಯಾರೂ ಕಾಯಿಲೆ ಅಂತ ಒಪ್ಪದ ಒಂದು ವಿಷಯದ ಚರಿತ್ರೆಯನ್ನು ಓದಿ ತಿಳಿದಷ್ಟು ಬರೆಯುತ್ತೇನೆ. ಅದು ಕಣ್ಣು ಒಣಗುವ ಕಾಯಿಲೆ, ಡಾಕ್ಟರುಗಳ ಬಾಯಲ್ಲಿ ಡ್ರೈ ಐ.

ಲಕ್ಷಣ ನಿಮಗೆಲ್ಲ ಗೊತ್ತಿರುವುದೇ. ಬೆಳಿಗ್ಗೆ ಏಳುವಾಗ ರೆಪ್ಪೆ ಅಂಟಿದಂತಿರುತ್ತದೆ. ಫಾಲ್ಸ್ ಸೀಲಿಂಗ್ ಒಳಗೆ ತಲೆ ಹಾಕಿ ಕೇಬಲ್ ಎಳೆಯುವಾಗ ಕಣ್ಣಲ್ಲಿ ಮರಳು ಬಿದ್ದ ಹಾಗಾಗುತ್ತದೆ. ಎಸಿ ಗಾಳಿ ನೇರ ಮುಖಕ್ಕೆ ಹೊಡೆದರೆ ಉರಿ. ಸಂಜೆ ಮೊಬೈಲಿನಲ್ಲಿ ಮಕ್ಕಳ ಮುಖ ನೋಡೋಣ ಅಂದ್ರೆ ಮಸುಕು. ಸೂಪರ್‌ವೈಸರ್‌ಗೆ ಹೇಳಿದರೆ ಕಣ್ಣು ನೋಡುತ್ತಾರೆ, ಸ್ವಲ್ಪ ಕೆಂಪಗಿದೆ ಅಷ್ಟೆ. "ರಾತ್ರಿ ನಿದ್ದೆ ಮಾಡಿಲ್ವಾ?" ಅಂತಾರೆ. ಗಾಯ ಇಲ್ಲ, ಜ್ವರ ಇಲ್ಲ, ತೋರಿಸೋಕೆ ಏನೂ ಇಲ್ಲ.

ನಮ್ಮ ಕೆಲಸದಲ್ಲಿ ಲೈನಿನಲ್ಲಿ ಲೀಕೇಜ್ ಇದೆ ಅಂತ ಬಾಯಲ್ಲಿ ಹೇಳಿದರೆ ಯಾರೂ ಕೇಳಲ್ಲ, ಮೆಗ್ಗರ್ ಹಚ್ಚಿ ರೀಡಿಂಗ್ ತೋರಿಸಬೇಕು. ಒಣಗಣ್ಣಿನ ಚರಿತ್ರೆ ಓದುತ್ತಾ ಹೋದಂತೆ ನನಗೆ ಕಂಡದ್ದೂ ಅದೇ. ಅಳೆಯುವ ಸಾಧನ ಸಿಕ್ಕಾಗಲೆಲ್ಲ ಒಂದಷ್ಟು ಜನರ ನೋವು ನಿಜ ಅಂತಾಯಿತು. ಅಲ್ಲಿಯವರೆಗೆ ಅದು ನೆಪ ಅನ್ನಿಸಿಕೊಂಡಿತ್ತು.

ಹಳಬರ ಕಾಲದಲ್ಲಿ

ಎಸಿ, ಮೊಬೈಲ್ ಬಂದ ಮೇಲೆ ಬಂದ ಕಾಯಿಲೆ ಇದು ಅಂತ ಅನೇಕರು ಅಂದುಕೊಂಡಿದ್ದಾರೆ. ಹಾಗಲ್ಲ. ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ 76 ಬಗೆಯ ಕಣ್ಣಿನ ರೋಗಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಒಂದರ ಹೆಸರು ಶುಷ್ಕಾಕ್ಷಿಪಾಕ. ರೆಪ್ಪೆ ಒಣಗಿ ಗಡುಸಾಗುವುದು, ನೋಟ ಮಂಜಾಗುವುದು, ಕಣ್ಣು ತೆರೆಯಲು ಕಷ್ಟವಾಗುವುದು ಅದರ ಲಕ್ಷಣ. ಚಿಕಿತ್ಸೆಯಲ್ಲಿ ತುಪ್ಪಕ್ಕೆ ದೊಡ್ಡ ಜಾಗವಿದೆ. ಒಣಗಿದ ಕಣ್ಣಿಗೆ ಬರೀ ನೀರು ಸಾಲದು, ಜಿಡ್ಡೂ ಬೇಕು ಅನ್ನುವ ಮಾತು ಮುಂದೆ ಇನ್ನೊಂದು ದಾರಿಯಿಂದ ಬರುತ್ತದೆ, ನೆನಪಿಟ್ಟುಕೊಳ್ಳಿ. ಹಾಗಂತ ಅಡುಗೆಮನೆಯ ತುಪ್ಪ, ಹಾಲು ಇವತ್ತು ಕಣ್ಣಿಗೆ ಬಿಟ್ಟುಕೊಳ್ಳಬೇಡಿ. ಸೋಂಕು ತಗಲಿದರೆ ಇದ್ದ ಕಣ್ಣೂ ಹೋದೀತು.

ನಾವು ದುಡಿಯುತ್ತಿರುವ ಈ ಸೀಮೆಯೂ ಕಣ್ಣಿನ ವೈದ್ಯಕ್ಕೆ ಹೆಸರಾದದ್ದು. ಅರಬ್ಬಿಯಲ್ಲಿ ಕಣ್ಣಿನ ವೈದ್ಯನನ್ನು ಕಹ್ಹಾಲ್ ಎನ್ನುತ್ತಿದ್ದರು. ಕಣ್ಣಿಗೆ ಹಚ್ಚುವ ಕುಹ್ಲ್, ಅಂದರೆ ಸುರ್ಮಾದಿಂದ ಬಂದ ಹೆಸರು ಅದು. ಬಾಗ್ದಾದಿನಲ್ಲಿ 9ನೇ ಶತಮಾನದಲ್ಲಿ ಹುನೈನ್ ಇಬ್ನ್ ಇಸ್ಹಾಕ್ ಕಣ್ಣಿನ ಬಗ್ಗೆ ಹತ್ತು ಪ್ರಬಂಧ ಬರೆದರು. 11ನೇ ಶತಮಾನದಲ್ಲಿ ಅದೇ ಊರಿನ ಅಲಿ ಇಬ್ನ್ ಈಸಾ ನೂರಕ್ಕೂ ಹೆಚ್ಚು ಕಣ್ಣಿನ ಕಾಯಿಲೆಗಳನ್ನು ವಿವರಿಸಿದರು. ಆದರೆ ಸೂಕಿನಲ್ಲಿ ಸಿಗುವ ಕೆಲವು ಸುರ್ಮಾಗಳಲ್ಲಿ ಸೀಸ ಇರುತ್ತದೆ. ತಂಪು ಅಂತ ಹಚ್ಚಿಕೊಳ್ಳುವವರು ಎಚ್ಚರ.

ಇಷ್ಟೆಲ್ಲ ಆದರೂ ಕಣ್ಣೀರು ಎಲ್ಲಿಂದ ಬರುತ್ತದೆ ಅನ್ನುವುದು ಬಹಳ ಕಾಲ ಸರಿಯಾಗಿ ತಿಳಿದಿರಲಿಲ್ಲ. ಮಿದುಳಿನಿಂದ ಇಳಿದು ಬರುತ್ತದೆ ಅಂತ ಯುರೋಪಿನಲ್ಲಿ ನಂಬಿದ್ದರು. 1662ರಲ್ಲಿ ಡೆನ್ಮಾರ್ಕಿನ ನೀಲ್ಸ್ ಸ್ಟೆನ್ಸನ್, ಕಣ್ಣೀರು ಬರುವುದು ಕಣ್ಣಿನ ಹತ್ತಿರದ ಗ್ರಂಥಿಗಳಿಂದ, ಅದರ ಕೆಲಸ ಕಣ್ಣನ್ನು ಒದ್ದೆಯಾಗಿಡುವುದು ಅಂತ ತೋರಿಸಿದರು. ನಾಲ್ಕು ವರ್ಷದ ನಂತರ, 1666ರಲ್ಲಿ, ಜರ್ಮನಿಯ ಹೈನ್ರಿಕ್ ಮೈಬೋಮ್ ರೆಪ್ಪೆಯೊಳಗೆ ಸಾಲಾಗಿ ಇರುವ ಸಣ್ಣ ಗ್ರಂಥಿಗಳನ್ನು ವರ್ಣಿಸಿದರು. ಇವತ್ತಿಗೂ ಅವಕ್ಕೆ ಮೈಬೋಮಿಯನ್ ಗ್ರಂಥಿ ಅಂತಲೇ ಹೆಸರು. ಅವು ಸುರಿಸುವುದು ನೀರಲ್ಲ, ಎಣ್ಣೆ. ಆ ಎಣ್ಣೆಯ ಬೆಲೆ ಗೊತ್ತಾಗಲು ಇನ್ನೂ ಸುಮಾರು 300 ವರ್ಷ ಬೇಕಾಯಿತು.

ಕಾಗದದ ಪಟ್ಟಿ

ಮೊದಲ ಮೀಟರ್ ಸಿಕ್ಕಿದ್ದು 1903ರಲ್ಲಿ. ಜರ್ಮನಿಯ ಕಣ್ಣಿನ ವೈದ್ಯ ಓಟೊ ಶಿರ್ಮರ್ ಮಾಡಿದ್ದು ಬಹಳ ಸರಳ ಕೆಲಸ. ನೀರು ಹೀರುವ ಕಾಗದದ ಸಣ್ಣ ಪಟ್ಟಿಯ ತುದಿ ಮಡಚಿ ಕೆಳರೆಪ್ಪೆಗೆ ಸಿಕ್ಕಿಸಿದರು. ಈಗ ಬಳಸುವ ಪಟ್ಟಿ 5 ಮಿ.ಮೀ. ಅಗಲ, 35 ಮಿ.ಮೀ. ಉದ್ದ. ಐದು ನಿಮಿಷ ಬಿಟ್ಟು ತೆಗೆದು, ಎಷ್ಟು ಉದ್ದ ಒದ್ದೆಯಾಗಿದೆ ಅಂತ ಅಳೆಯುತ್ತಾರೆ. 10 ಮಿ.ಮೀ.ಗಿಂತ ಹೆಚ್ಚಾದರೆ ಸಾಮಾನ್ಯವಾಗಿ ಚಿಂತೆ ಇಲ್ಲ. 5 ಮಿ.ಮೀ. ಅಥವಾ ಅದಕ್ಕಿಂತ ಕಡಿಮೆಯಾದರೆ ಕಣ್ಣೀರು ತೀರ ಕಮ್ಮಿ. ನೂರು ವರ್ಷ ದಾಟಿದರೂ ಆಸ್ಪತ್ರೆಗಳಲ್ಲಿ ಈ ಪಟ್ಟಿ ನಡೆಯುತ್ತಲೇ ಇದೆ.

ಈ ಪಟ್ಟಿಯ ಬೆಲೆ ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮ ರೂಮಿನಲ್ಲಿ ಹಾವೇರಿ ಕಡೆಯ ಹಿರಿಯರೊಬ್ಬರಿದ್ದಾರೆ, ಎಲ್ಲರೂ ಕಾಕಾ ಅಂತೇವೆ. ಎರಡು ವರ್ಷ ಕಣ್ಣುರಿ ಮುಚ್ಚಿಟ್ಟಿದ್ದರು. "ತಮ್ಮಾ, ಹೇಳಿದ್ರ ಅನ್‌ಫಿಟ್ ಅಂತ ಊರಿಗೆ ಕಳಸ್ತಾರ, ಸುಮ್ನಿರು" ಅನ್ನುತ್ತಿದ್ದರು. ಪ್ಯಾನೆಲ್ ಮುಂದೆ ನಿಂತು ವೈರಿನ ನಂಬರ್ ಓದಲು ಮೂರು ಸಲ ಕಣ್ಣು ಉಜ್ಜಿಕೊಳ್ಳುವುದನ್ನು ನೋಡಿ ನಮಗೇ ಭಯವಾಗುತ್ತಿತ್ತು. ಕೊನೆಗೆ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಚೀಟಿಯಲ್ಲಿ ಎರಡು ಕಣ್ಣಿಗೂ ರೀಡಿಂಗ್ ಬರೆದಿದ್ದರು: 4 ಮಿ.ಮೀ., 3 ಮಿ.ಮೀ. ಆ ಅಂಕಿ ಕೈಯಲ್ಲಿ ಹಿಡಿದುಕೊಂಡು ಹೋದ ಮೇಲೆ ಕಾಕಾನನ್ನು ಬ್ಲೋವರ್ ರೂಮಿನ ಡ್ಯೂಟಿಯಿಂದ ಬದಲಿಸಿದರು. ಯಾರೂ ಊರಿಗೆ ಕಳಿಸಲಿಲ್ಲ. ಎರಡು ವರ್ಷದ ಮಾತು ಮಾಡದ ಕೆಲಸವನ್ನು ಎರಡು ಅಂಕಿ ಮಾಡಿದವು.

ಕಣ್ಣೀರು ಬರೀ ಉಪ್ಪುನೀರಲ್ಲ ಅನ್ನುವುದು 1922ರಲ್ಲಿ ಇನ್ನಷ್ಟು ಸ್ಪಷ್ಟವಾಯಿತು. ಮುಂದೆ ಪೆನ್ಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್, ಕಣ್ಣೀರಿನಲ್ಲಿ ರೋಗಾಣುಗಳನ್ನು ಕರಗಿಸುವ ಲೈಸೋಜೈಮ್ ಎಂಬ ಪದಾರ್ಥ ಇದೆ ಅಂತ ತೋರಿಸಿದರು. ಪರೀಕ್ಷೆಗೆ ಕಣ್ಣೀರು ಬೇಕಲ್ಲ, ಅದಕ್ಕೆ ನಿಂಬೆಹಣ್ಣು ಬಳಸಿ ಕಣ್ಣೀರು ತರಿಸುತ್ತಿದ್ದರಂತೆ.

ಆಮೇಲೆ ಬಂದವರು ಸ್ವೀಡನ್ನಿನ ಹೆನ್ರಿಕ್ ಶೋಗ್ರೆನ್. 1933ರಲ್ಲಿ ಬರೆದ ಪ್ರಬಂಧದಲ್ಲಿ ಅವರು 19 ಹೆಂಗಸರ ವಿವರ ಕೊಟ್ಟರು. ಎಲ್ಲರಿಗೂ ಒಣಗಣ್ಣು. ಅವರಲ್ಲಿ 13 ಜನಕ್ಕೆ ಕೀಲುವಾತವೂ ಇತ್ತು. ಬಾಯಿ ಒಣಗುವುದೂ ಇದರ ಜೊತೆಗೇ ಬರುತ್ತದೆ. ಇದು ಬರೀ ಕಣ್ಣಿನ ತೊಂದರೆಯಲ್ಲ, ಇಡೀ ಮೈಯ ಕಾಯಿಲೆ ಅಂತ ಅವರು ವಾದಿಸಿದರು. ಆ ಪ್ರಬಂಧಕ್ಕೆ ಅಂಕ ಕಮ್ಮಿ ಬಂತು, ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವ ಯೋಗ್ಯತೆಯೂ ಸಿಗಲಿಲ್ಲ. ಜರ್ಮನ್ ಭಾಷೆಯಲ್ಲಿದ್ದ ಅದನ್ನು 1943ರಲ್ಲಿ ಆಸ್ಟ್ರೇಲಿಯಾದ ವೈದ್ಯರೊಬ್ಬರು ಇಂಗ್ಲಿಷಿಗೆ ತಂದ ಮೇಲೆ ಹೊರಗಿನ ಜಗತ್ತು ಹೆಚ್ಚು ಗಮನಿಸಿತು. 1961ರಲ್ಲಿ ಅವರಿಗೆ ಗೌರವ ಪ್ರೊಫೆಸರ್ ಪದವಿ ಬಂತು. ಈಗ ಆ ಕಾಯಿಲೆಗೆ ಅವರದೇ ಹೆಸರು. ಒಣಗಣ್ಣಿನ ಜೊತೆ ಬಾಯಿಯೂ ಒಣಗಿ ಕೀಲು ನೋಯುತ್ತಿದ್ದರೆ ಡಾಕ್ಟರಿಗೆ ಮೂರನ್ನೂ ಹೇಳಬೇಕಾದ್ದು ಇದಕ್ಕೇ.

ನೀರಿದ್ದರೂ ಒಣ

ಆದರೆ ಶಿರ್ಮರ್ ಪಟ್ಟಿಗೆ ಸಿಗದ ರೋಗಿಗಳೂ ಇದ್ದರು. ಪಟ್ಟಿ ಚೆನ್ನಾಗಿ ಒದ್ದೆಯಾಗುತ್ತದೆ, ಕಣ್ಣು ಮಾತ್ರ ಉರಿಯುತ್ತದೆ. ಕೆಲವರಿಗಂತೂ ಕಣ್ಣಿಂದ ನೀರು ಸುರಿಯುತ್ತದೆ. ಕಣ್ಣಲ್ಲಿ ನೀರು ಸುರಿಯುವವನಿಗೆ ಒಣಗಣ್ಣು ಅಂದರೆ ಯಾರು ನಂಬುತ್ತಾರೆ?

1946ರಲ್ಲಿ ಯೂಜಿನ್ ವುಲ್ಫ್ ಕಣ್ಣೀರಿನ ಪೊರೆಯಲ್ಲಿ ಮೂರು ಪದರ ಇವೆ ಅಂತ ವಿವರಿಸಿದರು. ಕೆಳಗೆ ಕಣ್ಣಿಗೆ ಅಂಟಿಕೊಳ್ಳುವ ಲೋಳೆ, ನಡುವೆ ನೀರು, ಮೇಲೆ ತೆಳ್ಳಗೆ ಎಣ್ಣೆ. 1961ರಲ್ಲಿ ಮಿಶಿಮಾ ಮತ್ತು ಮಾರಿಸ್ ಎಂಬ ವಿಜ್ಞಾನಿಗಳು ಮೊಲದ ಕಣ್ಣಿನಲ್ಲಿ ಆ ಎಣ್ಣೆ ಪದರ ತೆಗೆದು ನೋಡಿದರು. ನೀರು ಆವಿಯಾಗುವ ವೇಗ ಹತ್ತು ಪಟ್ಟಿಗೂ ಮೀರಿ ಏರಿತು. ಮೈಬೋಮ್ ಕಂಡ ಗ್ರಂಥಿಗಳ ಕೆಲಸ ಆಗ ಪೂರ್ತಿ ಅರ್ಥವಾಯಿತು. ಎಣ್ಣೆ ಕೆಟ್ಟರೆ ನೀರು ನಿಲ್ಲುವುದಿಲ್ಲ. ಕಣ್ಣು ಒಣಗಿ ಉರಿದಾಗ ದೊಡ್ಡ ಗ್ರಂಥಿ ಒಮ್ಮೆಗೇ ನೀರು ಸುರಿಸುತ್ತದೆ, ಅದೂ ನಿಲ್ಲದೆ ಕೆನ್ನೆಗೆ ಇಳಿಯುತ್ತದೆ. ನೀರು ಸುರಿಯುವ ಒಣಗಣ್ಣಿನ ಗುಟ್ಟು ಇಷ್ಟೇ.

ಇದಕ್ಕೂ ಮೀಟರ್ ಬಂತು. 1969ರಲ್ಲಿ ಡೆನ್ಮಾರ್ಕಿನ ನಾರ್ನ್, ಕಣ್ಣಿಗೆ ಹಳದಿ ಬಣ್ಣ ಹಾಕಿ, ರೆಪ್ಪೆ ಬಡಿದ ಮೇಲೆ ಆ ಪೊರೆ ಒಡೆಯಲು ಎಷ್ಟು ಸೆಕೆಂಡ್ ಬೇಕು ಅಂತ ಎಣಿಸುವ ಕ್ರಮ ವಿವರಿಸಿದರು. 10 ಸೆಕೆಂಡಿಗೂ ಮೊದಲೇ ಒಡೆದರೆ ಪೊರೆ ಗಟ್ಟಿಯಿಲ್ಲ ಅಂತ ಲೆಕ್ಕ. 1995ರಲ್ಲಿ ತಜ್ಞರು ಒಣಗಣ್ಣನ್ನು ಎರಡು ಗುಂಪು ಮಾಡಿದರು: ನೀರು ಕಮ್ಮಿಯಾದದ್ದು, ನೀರು ಬೇಗ ಆರಿ ಹೋಗುವುದು. ಜಗತ್ತಿನಲ್ಲಿ ಒಣಗಣ್ಣಿಗೆ ಮುಖ್ಯ ಕಾರಣ ಈ ಎಣ್ಣೆ ಗ್ರಂಥಿಗಳ ತೊಂದರೆಯೇ ಇರಬಹುದು ಅಂತ 2011ರ ಅಂತರರಾಷ್ಟ್ರೀಯ ವರದಿ ಹೇಳಿತು.

ಇನ್ನೊಂದು ಒಣಗಣ್ಣು

ನಮ್ಮ ಹಳ್ಳಿಗಳಿಗೆ ಗೊತ್ತಿದ್ದ ಒಣಗಣ್ಣು ಬೇರೆ. ಅದು ಇರುಳುಗಣ್ಣಿನಿಂದ ಶುರುವಾಗಿ ಮಕ್ಕಳನ್ನು ಕುರುಡು ಮಾಡುತ್ತಿತ್ತು. ಕಾರಣ ಎ ಜೀವಸತ್ವದ ಕೊರತೆ. ಜಪಾನಿನ ವೈದ್ಯ ಮೋರಿ 1904ರಲ್ಲೇ ಇಂಥ ಮಕ್ಕಳಿಗೆ ಮೀನೆಣ್ಣೆ ಕೊಟ್ಟು ಗುಣವಾದದ್ದನ್ನು ಬರೆದಿದ್ದರು. ಭಾರತ ಸರ್ಕಾರ 1970ರಲ್ಲಿ ಮಕ್ಕಳಿಗೆ ಆರು ತಿಂಗಳಿಗೊಮ್ಮೆ ಎ ಜೀವಸತ್ವದ ಸಿರಪ್ ಕುಡಿಸುವ ಯೋಜನೆ ಶುರು ಮಾಡಿತು. ನಮ್ಮ ಪೈಕಿ ಅನೇಕರು ಅದನ್ನು ಕುಡಿದೇ ಬೆಳೆದವರು. ಊರಲ್ಲಿ ಮಕ್ಕಳಿಗೆ ಈಗಲೂ ತಪ್ಪದೆ ಹಾಕಿಸಿ. ಆದರೆ ಇಲ್ಲಿ ಎಸಿ, ಧೂಳಿನಿಂದ ಒಣಗಿದ ಕಣ್ಣು ಕ್ಯಾರೆಟ್ ತಿಂದರೆ ವಾಸಿಯಾಗುವುದಿಲ್ಲ.

ಔಷಧಿಯ ದಾರಿ

1940ರ ದಶಕದಲ್ಲಿ ಗಿಡದ ನಾರಿನಿಂದ ತಯಾರಿಸಿದ ಮೀಥೈಲ್ ಸೆಲ್ಯುಲೋಸ್ ಕಣ್ಣಿಗೆ ಬಂತು. ನೀರಿಗಿಂತ ದಪ್ಪ, ಹಾಗಾಗಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ಕೃತಕ ಕಣ್ಣೀರು ಅಂತ ಈಗ ಫಾರ್ಮಸಿಯಲ್ಲಿ ಸಿಗುವ ಅನೇಕ ಹನಿಗಳು ಇದೇ ಜಾತಿಯವು. 1975ರಲ್ಲಿ ಅಮೆರಿಕದ ಫ್ರೀಮನ್, ಕಣ್ಣೀರು ಮೂಗಿನ ಕಡೆ ಹರಿದು ಹೋಗುವ ಸಣ್ಣ ತೂತಿಗೆ ಸಿಲಿಕೋನ್ ಬಿರಡೆ ಹಾಕುವ ಉಪಾಯ ಪ್ರಕಟಿಸಿದರು. ಟ್ಯಾಂಕಿಗೆ ನೀರು ಕಮ್ಮಿ ಬರುತ್ತಿದ್ದರೆ ಔಟ್‌ಲೆಟ್ ಮುಚ್ಚಿದ ಹಾಗೆ. ಒಣಗಣ್ಣಿನಲ್ಲಿ ಉರಿಯೂತವೂ ಇರುತ್ತದೆ ಅಂತ ತಿಳಿದ ಮೇಲೆ, ಅಂಗಾಂಗ ಕಸಿಗೆ ಬಳಸುತ್ತಿದ್ದ ಸೈಕ್ಲೋಸ್ಪೋರಿನ್ ಔಷಧಿಯ ಕಣ್ಣಿನ ಹನಿಗೆ 2002ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದು ಡಾಕ್ಟರ್ ಚೀಟಿಯ ಮೇಲಷ್ಟೇ.

ನಮ್ಮ ಪಾಲಿಗೆ

ಈ ಚರಿತ್ರೆಯಿಂದ ನಾವು ತೆಗೆದುಕೊಳ್ಳಬಹುದಾದದ್ದು ಹೀಗಿದೆ.

ಕೊಬ್ಬರಿ ಎಣ್ಣೆ ಎಸಿ ರೂಮಿನಲ್ಲಿ ಗಟ್ಟಿಯಾಗುವುದನ್ನು ನೋಡಿದ್ದೀರಲ್ಲ, ರೆಪ್ಪೆಯ ಗ್ರಂಥಿಯಲ್ಲೂ ಎಣ್ಣೆ ಹಾಗೆ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಶುಭ್ರ ಬಟ್ಟೆಯನ್ನು ಬಿಸಿನೀರಲ್ಲಿ ಅದ್ದಿ ಹಿಂಡಿ, ಚರ್ಮ ಸುಡದ ಹದದಲ್ಲಿ, ಮುಚ್ಚಿದ ರೆಪ್ಪೆಯ ಮೇಲೆ ಐದು-ಹತ್ತು ನಿಮಿಷ ಇಡಿ. ಆಮೇಲೆ ಮೆಲ್ಲಗೆ ರೆಪ್ಪೆ ಒತ್ತಿ ಸವರಿ. ಎಸಿ ಗಾಳಿಯ ದಿಕ್ಕು ಮುಖದಿಂದ ತಿರುಗಿಸಿ. ಮನುಷ್ಯ ಸಾಮಾನ್ಯವಾಗಿ ನಿಮಿಷಕ್ಕೆ ಸುಮಾರು 15 ಸಲ ರೆಪ್ಪೆ ಬಡಿಯುತ್ತಾನೆ. ಮೊಬೈಲ್ ನೋಡುವಾಗ ಅದು ಬಹಳ ಕಮ್ಮಿಯಾಗುತ್ತದೆ, ಬೇಕಂತಲೇ ಬಡಿಯಿರಿ. ಧೂಳಿನ ದಿನ ಸುತ್ತಲೂ ಮುಚ್ಚುವ ಕನ್ನಡಕ ಹಾಕಿ.

ಹನಿ ಬೇಕಾದರೆ ಕೃತಕ ಕಣ್ಣೀರು ಕೇಳಿ, ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ಹಾಕುವವರು ಪ್ರಿಸರ್ವೇಟಿವ್ ಇಲ್ಲದ್ದನ್ನು ಕೇಳಿ. ಒಂದು ಸಲಕ್ಕೆ ಒಂದೇ ಹನಿ ಸಾಕು, ಕಣ್ಣು ಹಿಡಿದುಕೊಳ್ಳುವುದೇ ಅಷ್ಟು. ಕೆಂಪು ತೆಗೆಯುವ ಹನಿಯನ್ನು ದಿನಾ ಹಾಕಬೇಡಿ, ಬಿಟ್ಟ ಕೂಡಲೇ ಕೆಂಪು ಇಮ್ಮಡಿಯಾಗಿ ತಿರುಗಿ ಬರುತ್ತದೆ. ಪಕ್ಕದವನ ಬಾಟಲಿಯಲ್ಲಿ ಸ್ಟೆರಾಯ್ಡ್ ಇರಬಹುದು. ಡಾಕ್ಟರ್ ಹೇಳದೆ ಅದನ್ನು ತಿಂಗಳುಗಟ್ಟಲೆ ಹಾಕಿದರೆ ಕಣ್ಣಿನ ಒತ್ತಡ ಏರಿ ದೃಷ್ಟಿಯೇ ಹೋಗಬಹುದು. ನೆಗಡಿ, ಅಲರ್ಜಿಯ ಕೆಲವು ಮಾತ್ರೆಗಳೂ ಕಣ್ಣು ಒಣಗಿಸುತ್ತವೆ. ಸಿಮೆಂಟ್, ಆಸಿಡ್ ಏನಾದರೂ ಬಿದ್ದರೆ ಮಾತ್ರ ಹನಿ ಹುಡುಕುತ್ತಾ ನಿಲ್ಲದೆ ತಕ್ಷಣ ಧಾರಾಳ ನೀರಲ್ಲಿ ತೊಳೆದು ಆಸ್ಪತ್ರೆಗೆ ಓಡಿ. ಜೋರು ನೋವು, ಬೆಳಕು ನೋಡಲಾಗದಿರುವುದು, ದೃಷ್ಟಿ ಇಳಿಯುವುದು ಇವಕ್ಕೂ ಕಾಯಬಾರದು.

ಏಣಿ ಮೇಲೆ, ಲೈವ್ ಪ್ಯಾನೆಲ್ ಮುಂದೆ ಕೆಲಸ ಮಾಡುವ ನಮಗೆ ಒಂದು ಕ್ಷಣದ ಮಸುಕು ಸಣ್ಣ ವಿಷಯವಲ್ಲ. ಅದಕ್ಕೇ ನನ್ನದೊಂದು ವಿನಂತಿ. ಯಾರಾದರೂ ಕಣ್ಣುರಿ ಅಂದರೆ ನೆಪ ಅನ್ನಬೇಡಿ. ಅಳೆಯಲು ಐದು ನಿಮಿಷದ ಕಾಗದ ಇದೆ, ಹತ್ತು ಸೆಕೆಂಡಿನ ಹಳದಿ ಬಣ್ಣ ಇದೆ. ರಜೆ ದಿನ ಜೊತೆಗೆ ಹೋಗಿ ಅಳೆಸಿ, ರೀಡಿಂಗ್ ಬರೆಸಿಕೊಂಡು ಬನ್ನಿ.