ರಕ್ತಭೇದಿಯಿಂದ ಚೇತರಿಸಿಕೊಳ್ಳುತ್ತಿರುವ ಕೋಳಿಮರಿಗಳು: ಔಷಧಿ ಮುಗಿದ ಮೇಲೆ ಏನು ಮಾಡಬೇಕು?

ಮೂರು ವಾರ ದಾಟಿದ ಕೋಳಿಮರಿಗಳು ಒಂದು ಬೆಳಿಗ್ಗೆ ಪುಕ್ಕ ಉಬ್ಬಿಸಿಕೊಂಡು, ರೆಕ್ಕೆ ಜೋತುಬಿಟ್ಟು, ಮೂಲೆಯಲ್ಲಿ ತೂಕಡಿಸುತ್ತಾ ನಿಂತಿರುತ್ತವೆ. ಹಿಕ್ಕೆಯಲ್ಲಿ ರಕ್ತ ಕಾಣಿಸುತ್ತದೆ. ಸಾಮಾನ್ಯವಾಗಿ ರಕ್ತಭೇದಿ ಎಂದು ಕರೆಯುವ ಈ ರೋಗದ ವೈದ್ಯಕೀಯ ಹೆಸರು ಕಾಕ್ಸಿಡಿಯೋಸಿಸ್. ಔಷಧಿ ಪುಡಿಯನ್ನು ಕುಡಿಯುವ ನೀರಿಗೆ ಬೆರೆಸಿ ಕೆಲವು ದಿನ ಕೊಟ್ಟರೆ ಹೆಚ್ಚಿನ ಮರಿಗಳಲ್ಲಿ ರಕ್ತ ನಿಲ್ಲುತ್ತದೆ. ಆದರೆ ರಕ್ತ ನಿಂತ ಮೇಲೂ ಕೆಲವು ಮರಿಗಳು ಬೆಳೆಯುವುದೇ ಇಲ್ಲ, ಕೆಲವು ವಾರದೊಳಗೆ ಮತ್ತೆ ಮಂಕಾಗುತ್ತವೆ. ಆಗ "ಔಷಧಿ ಸರಿಯಿಲ್ಲ" ಎಂಬ ದೂರು ಬರುತ್ತದೆ. ಹೆಚ್ಚಿನ ಸಲ ತಪ್ಪು ಔಷಧಿಯದ್ದಾಗಿರುವುದಿಲ್ಲ. ಔಷಧಿ ನಡೆಯುವಾಗ ಮತ್ತು ಮುಗಿದ ನಂತರದ ಎರಡು ವಾರಗಳಲ್ಲಿ ನಾವು ಏನು ಮಾಡುತ್ತೇವೆ ಎಂಬುದರ ಮೇಲೆ ಮರಿಯ ಚೇತರಿಕೆ ನಿಂತಿದೆ. ಅದನ್ನೇ ಇಲ್ಲಿ ವಿವರವಾಗಿ ನೋಡೋಣ.

ಔಷಧಿ ಮಾಡುವ ಕೆಲಸ ಎಷ್ಟು?

ಈ ರೋಗಕ್ಕೆ ಕಾರಣ ಐಮೀರಿಯಾ ಎಂಬ ಏಕಕೋಶ ಪರಾವಲಂಬಿ. ಕೋಳಿಗಳನ್ನು ಕಾಡುವ ಐಮೀರಿಯಾದಲ್ಲಿ 7 ಪ್ರಭೇದಗಳನ್ನು ಗುರುತಿಸಲಾಗಿದೆ. ಧಾರಾಳ ರಕ್ತ ಕಾಣಿಸುವ ರೋಗಕ್ಕೆ ಮುಖ್ಯ ಕಾರಣ ಐಮೀರಿಯಾ ಟೆನೆಲ್ಲಾ; ಇದು ಕುರುಡು ಕರುಳಿನಲ್ಲಿ ನೆಲೆಸುತ್ತದೆ. ಪರಾವಲಂಬಿ ಕರುಳಿನ ಒಳಪದರದ ಜೀವಕೋಶಗಳೊಳಗೆ ಹೊಕ್ಕು, ಅಲ್ಲಿ ಹಲವು ಪಟ್ಟು ಹೆಚ್ಚಿ, ಕೋಶವನ್ನು ಒಡೆದುಕೊಂಡು ಹೊರಬರುತ್ತದೆ. ರಕ್ತ ಬರುವುದು ಹೀಗೆ. ಕೊನೆಯಲ್ಲಿ ಗಟ್ಟಿ ಕವಚದ, ಮೊಟ್ಟೆಯಂಥ ಊಸಿಸ್ಟ್‌ಗಳು ಹಿಕ್ಕೆಯ ಜೊತೆ ಹೊರಬೀಳುತ್ತವೆ. ಬಿದ್ದ ಕೂಡಲೇ ಅವು ರೋಗ ತರಲಾರವು. ತೇವ, ಬೆಚ್ಚಗಿನ ವಾತಾವರಣ ಮತ್ತು ಗಾಳಿ ಸಿಕ್ಕರೆ ಒಂದೆರಡು ದಿನಗಳಲ್ಲಿ ಸಿದ್ಧವಾಗುತ್ತವೆ. ಮರಿ ಅದನ್ನು ಹೆಕ್ಕಿ ನುಂಗಿದರೆ ನಾಲ್ಕರಿಂದ ಏಳು ದಿನಗಳಲ್ಲಿ ಹೊಸ ಊಸಿಸ್ಟ್‌ಗಳು ಮತ್ತೆ ಹೊರಬರುತ್ತವೆ.

ಸಾಮಾನ್ಯವಾಗಿ ಕೊಡುವ ಔಷಧಿ ಆಂಪ್ರೋಲಿಯಂ. ಇದರ ಅಣುವಿನ ರಚನೆ ಬಿ1 ಜೀವಸತ್ವ ಥಯಾಮಿನ್ ಅನ್ನು ಹೋಲುತ್ತದೆ. ಪರಾವಲಂಬಿಗೆ ಬೆಳೆಯಲು ಥಯಾಮಿನ್ ಬೇಕು. ಆಂಪ್ರೋಲಿಯಂ ಅದರ ಜಾಗ ಹಿಡಿದು ಪೋಷಣೆ ತಪ್ಪಿಸುತ್ತದೆ. ಅಂದರೆ ಔಷಧಿ ಮರಿಯ ಹೊಟ್ಟೆಯೊಳಗಿನ ಪರಾವಲಂಬಿಯನ್ನು ತಡೆಯುತ್ತದೆ, ಅಷ್ಟೇ. ನೆಲದ ಹಾಸಿನಲ್ಲಿರುವ ಊಸಿಸ್ಟ್‌ಗಳಿಗೆ ಅದು ಏನೂ ಮಾಡದು. ಹರಿದುಹೋದ ಕರುಳಿನ ಪದರವನ್ನೂ ಅದು ಹೊಲಿಯುವುದಿಲ್ಲ.

ಶಕ್ತಿ ಬರಲೆಂದು ವಿಟಮಿನ್ ಕೊಡಬಹುದೇ?

ಹೆಚ್ಚು ಗೊಂದಲ ಇರುವುದು ಇಲ್ಲಿಯೇ. ಸೊರಗಿದ ಮರಿಯನ್ನು ನೋಡಿ ಔಷಧಿಯ ನೀರಿಗೇ ಬಿ ಕಾಂಪ್ಲೆಕ್ಸ್ ಟಾನಿಕ್ ಬೆರೆಸುವವರಿದ್ದಾರೆ. ಮೇಲೆ ಹೇಳಿದ ವಿಷಯ ನೆನಪಿಸಿಕೊಂಡರೆ ತೊಂದರೆ ಏನೆಂದು ತಿಳಿಯುತ್ತದೆ: ಥಯಾಮಿನ್ ಸಿಗಬಾರದು ಎಂದು ಔಷಧಿ ಕೊಟ್ಟು, ಅದೇ ನೀರಿನಲ್ಲಿ ಥಯಾಮಿನ್ ಅನ್ನೂ ಕೊಟ್ಟಂತಾಗುತ್ತದೆ. ಔಷಧಿಯ ಬಲ ಕುಗ್ಗುತ್ತದೆ. ಹಾಗಾಗಿ ಆಂಪ್ರೋಲಿಯಂ ನಡೆಯುವ ದಿನಗಳಲ್ಲಿ ಬಿ1 ಇರುವ ಟಾನಿಕ್ ಬೇಡ. ಮಾಮೂಲಿ ಮರಿ ಆಹಾರದಲ್ಲಿರುವಷ್ಟು ಥಯಾಮಿನ್‌ಗೆ ಹೆದರಬೇಕಿಲ್ಲ, ಆಹಾರ ನಿಲ್ಲಿಸಲೂಬಾರದು.

ಔಷಧಿ ಮುಗಿದ ಮೇಲೆ ಲೆಕ್ಕ ತಿರುಗುತ್ತದೆ. ಈಗ ಜೀವಸತ್ವಗಳು ಬೇಕು. ಕರುಳಿನ ಒಳಪದರ ಮತ್ತೆ ಕಟ್ಟಿಕೊಳ್ಳಲು ಎ ಜೀವಸತ್ವ, ರಕ್ತ ಹೆಪ್ಪುಗಟ್ಟಲು ಕೆ ಜೀವಸತ್ವ ಬೇಕು. ಸಲ್ಫಾ ಗುಂಪಿನ ಔಷಧಿ, ಅದರಲ್ಲೂ ಸಲ್ಫಾಕ್ವಿನಾಕ್ಸಲಿನ್ ಕೊಟ್ಟಿದ್ದರೆ ಕೆ ಜೀವಸತ್ವದ ಮಾತು ಇನ್ನೂ ಮುಖ್ಯ, ಏಕೆಂದರೆ ಆ ಔಷಧಿಯೇ ರಕ್ತಸ್ರಾವವನ್ನು ಹೆಚ್ಚಿಸಬಲ್ಲದು. ಕೋಳಿಗಳಿಗೆಂದೇ ಮಾರುವ ವಿಟಮಿನ್ ಪುಡಿಯನ್ನು ಲೇಬಲ್‌ನಲ್ಲಿ ಹೇಳಿದ ಪ್ರಮಾಣದಲ್ಲಿ ಕೆಲವು ದಿನ ಕೊಟ್ಟರೆ ಸಾಕು. ಎ ಜೀವಸತ್ವ ದೇಹದಲ್ಲಿ ಸೇರಿಕೊಳ್ಳುವಂಥದ್ದು. ಎರಡು ಪಟ್ಟು ಕೊಟ್ಟರೆ ಎರಡು ಪಟ್ಟು ಬೇಗ ಗುಣವಾಗುವುದಿಲ್ಲ.

ಇನ್ನೊಂದು ವಿಷಯ. ಆಂಪ್ರೋಲಿಯಂ ಅನ್ನು ಹೆಚ್ಚು ಪ್ರಮಾಣದಲ್ಲಿ ಅಥವಾ ಹೆಚ್ಚು ದಿನ ಕೊಟ್ಟರೆ ಮರಿಗೇ ಥಯಾಮಿನ್ ಕೊರತೆಯಾಗಬಹುದು. ಆಗ ಮರಿ ಕತ್ತನ್ನು ಹಿಂದಕ್ಕೆ ಬಾಗಿಸಿ ಆಕಾಶ ನೋಡುವಂತೆ ಕೂರುತ್ತದೆ. ಕೊಕ್ಕರೆ ರೋಗದಲ್ಲೂ, ಅಂದರೆ ರಾಣಿಖೇತ್‌ನಲ್ಲೂ, ಕತ್ತು ತಿರುಚಿಕೊಳ್ಳುತ್ತದೆ. ಎರಡರ ದಾರಿಯೂ ಬೇರೆ ಬೇರೆ. ಕತ್ತು ತಿರುಚಿದ ಮರಿ ಕಂಡರೆ ಊಹೆಯ ಮೇಲೆ ಔಷಧಿ ಬದಲಿಸದೆ ಪಶುವೈದ್ಯರಿಗೆ ತೋರಿಸಿ.

ಔಷಧಿಗಿಂತ ಹಾಸು ಮುಖ್ಯ

ಹೊಟ್ಟೆಯೊಳಗಿನ ಪರಾವಲಂಬಿ ಸತ್ತರೂ ಕಾಲಡಿಯಲ್ಲಿ ಸಾವಿರಾರು ಊಸಿಸ್ಟ್‌ಗಳು ಕಾಯುತ್ತಿರುತ್ತವೆ. ಒಂದು ವಾರದ ನಂತರ ರೋಗ ಮರಳುವುದು ಇಲ್ಲಿಂದಲೇ. ಫಿನಾಯಿಲ್ ಅಥವಾ ಬ್ಲೀಚಿಂಗ್ ಪೌಡರ್ ಹಾಕಿದರೆ ಎಲ್ಲ ಸಾಯುತ್ತದೆ ಎಂಬ ನಂಬಿಕೆ ಸರಿಯಲ್ಲ. ಊಸಿಸ್ಟ್‌ನ ಕವಚ ಇಂಥ ಸಾಮಾನ್ಯ ಸೋಂಕುನಿವಾರಕಗಳನ್ನು ತಡೆದುಕೊಳ್ಳುತ್ತದೆ. ಅದಕ್ಕೆ ಆಗದಿರುವುದು ಶುಷ್ಕತೆ, ಹೆಚ್ಚಿನ ಶಾಖ ಮತ್ತು ಅಮೋನಿಯಾ. ಅಮೋನಿಯಾ ಮರಿಗಳ ಕಣ್ಣಿಗೂ ಶ್ವಾಸಕ್ಕೂ ಕೆಟ್ಟದ್ದಾದ್ದರಿಂದ, ಮನೆಮಟ್ಟದಲ್ಲಿ ನಮ್ಮ ಕೈಗೆ ಸಿಗುವ ಅಸ್ತ್ರ ಒಣಗಿಸುವುದೊಂದೇ. ಪಾತ್ರೆಗಳನ್ನು ಕುದಿಯುವ ನೀರಿನಲ್ಲಿ ತೊಳೆಯಬಹುದು.

ಭತ್ತದ ಹೊಟ್ಟಿನ ಹಾಸನ್ನು ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಹಿಂಡಿ, ಕೈ ಬಿಚ್ಚಿ ನೋಡಿ. ಉಂಡೆಯಾಗಿಯೇ ಉಳಿದರೆ ತೇವ ಹೆಚ್ಚಿದೆ, ಉದುರಿದರೆ ಪರವಾಗಿಲ್ಲ. ಔಷಧಿ ಶುರುವಾದಾಗ ಒಮ್ಮೆ, ಮುಗಿದಾಗ ಇನ್ನೊಮ್ಮೆ ಹಾಸನ್ನು ಪೂರ್ತಿ ಬದಲಿಸುವುದು ಒಳ್ಳೆಯದು. ನಡುವೆ ನೀರಿನ ಪಾತ್ರೆಯ ಸುತ್ತಲಿನ ಒದ್ದೆ ಭಾಗವನ್ನು ದಿನವೂ ತೆಗೆಯಬೇಕು. ನೀರಿನ ಪಾತ್ರೆಯನ್ನು ಮರಿಯ ಬೆನ್ನಿನ ಎತ್ತರಕ್ಕೆ ಇಟ್ಟರೆ ಅದರೊಳಗೆ ಹಿಕ್ಕೆ ಬೀಳುವುದು, ನೀರು ಚೆಲ್ಲುವುದು ಎರಡೂ ಕಡಿಮೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಇದು ನಿಜಕ್ಕೂ ಕಷ್ಟದ ಕೆಲಸ, ಒಪ್ಪುತ್ತೇವೆ. ಅಲ್ಲಿ ತಂತಿ ಜಾಲರಿಯ ನೆಲ ಹಾಕಿ ಹಿಕ್ಕೆ ಕೆಳಕ್ಕೆ ಬೀಳುವಂತೆ ಮಾಡುವುದು ಹೆಚ್ಚು ಫಲ ಕೊಡುತ್ತದೆ. ಸುಣ್ಣ ತೇವ ಹೀರುತ್ತದೆ ನಿಜ, ಆದರೆ ಹಸಿ ಸುಣ್ಣ ಮರಿಗಳ ಕಾಲು, ಕಣ್ಣು ಸುಡುತ್ತದೆ. ಖಾಲಿ ಗೂಡಿಗೆ ಮಾತ್ರ ಅದು ಸರಿ.

ಪರಾವಲಂಬಿಯನ್ನು ಸಂಪೂರ್ಣ ಅಳಿಸಬೇಕೆಂದೇನಿಲ್ಲ. ಸ್ವಲ್ಪಸ್ವಲ್ಪವೇ ಸೋಂಕು ತಗಲಿ ಮರಿಗಳಲ್ಲಿ ರೋಗನಿರೋಧಕ ಶಕ್ತಿ ಬೆಳೆಯುತ್ತದೆ. ಆದರೆ ಒಂದು ಪ್ರಭೇದದ ವಿರುದ್ಧ ಬಂದ ಶಕ್ತಿ ಇನ್ನೊಂದರ ವಿರುದ್ಧ ಕೆಲಸಕ್ಕೆ ಬಾರದು. ಒಮ್ಮೆ ಬಂದ ಮರಿಗೆ ಮತ್ತೆ ಬರುವುದೇ ಇಲ್ಲ ಎನ್ನುವುದು ಅರ್ಧ ಸತ್ಯ.

ಮಜ್ಜಿಗೆ, ಅರಿಶಿನ, ಬೆಲ್ಲದ ನೀರು?

ಹಕ್ಕಿಗಳಿಗೆ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಸರಿಯಾಗಿ ಜೀರ್ಣವಾಗುವುದಿಲ್ಲ. ಹಾಲು ಕೊಟ್ಟರೆ ಭೇದಿ ಹೆಚ್ಚುತ್ತದೆ, ಹಾಸು ಒದ್ದೆಯಾಗುತ್ತದೆ. ಮೊಸರಿನಲ್ಲಿ ಲ್ಯಾಕ್ಟೋಸ್ ಸ್ವಲ್ಪ ಕಡಿಮೆ. ಔಷಧಿ ಮುಗಿದ ಮೇಲೆ ಒಂದು ಚಮಚ ಮೊಸರನ್ನು ಆಹಾರಕ್ಕೆ ಕಲಸಿದರೆ ಕೇಡಿಲ್ಲ. ಅದನ್ನೇ ಚಿಕಿತ್ಸೆ ಎಂದುಕೊಳ್ಳಬೇಡಿ. ಅರಿಶಿನ, ಬೆಳ್ಳುಳ್ಳಿ, ವಿನೆಗರ್ ಕೂಡ ಹಾಗೆಯೇ: ರಕ್ತ ಕಾಣಿಸಿದ ಮರಿಗೆ ಔಷಧಿಯ ಬದಲು ಇವನ್ನು ಕೊಟ್ಟು ಎರಡು ದಿನ ಕಳೆದರೆ ಆ ಎರಡು ದಿನಗಳಲ್ಲೇ ಮರಿ ಸಾಯಬಹುದು. ಗಟ್ಟಿ ಬೆಲ್ಲದ ನೀರು ಕರುಳಿಗೆ ನೀರೆಳೆದು ಭೇದಿ ಹೆಚ್ಚಿಸುತ್ತದೆ. ನಿತ್ರಾಣಗೊಂಡ ಮರಿಗೆ ಕೋಳಿಗಳ ಎಲೆಕ್ಟ್ರೋಲೈಟ್ ಪುಡಿ ಒಂದೆರಡು ದಿನ ಸಾಕು. ಅದರಲ್ಲಿ ಬಿ1 ಇದೆಯೇ ಎಂದು ಲೇಬಲ್ ನೋಡಿಕೊಳ್ಳಿ. ಮನುಷ್ಯರ ಭೇದಿ ಮಾತ್ರೆ ಖಂಡಿತ ಬೇಡ.

ಆಹಾರ ಸಾದಾ ಇರಲಿ. ಚಿಕ್ ಸ್ಟಾರ್ಟರ್ ಅನ್ನು ಸ್ವಲ್ಪ ನೀರಿನಲ್ಲಿ ನೆನೆಸಿ, ದಿನಕ್ಕೆ ನಾಲ್ಕೈದು ಸಲ ಸ್ವಲ್ಪಸ್ವಲ್ಪ ಇಟ್ಟು, ಅರ್ಧ ಗಂಟೆಯಲ್ಲಿ ಉಳಿದದ್ದನ್ನು ತೆಗೆದುಬಿಡಿ. ಬರೀ ಅಕ್ಕಿ ನುಚ್ಚು, ಅನ್ನ ಹಾಕಿದರೆ ಹೊಟ್ಟೆ ತುಂಬುತ್ತದೆಯೇ ಹೊರತು ಕರುಳು ಕಟ್ಟಿಕೊಳ್ಳಲು ಬೇಕಾದ ಪ್ರೋಟೀನ್ ಸಿಗದು. ಬಿಸಿಯ ವಿಷಯದಲ್ಲಿ ಮರಿಯನ್ನು ಅದರ ವಯಸ್ಸಿಗಿಂತ ಒಂದು ವಾರ ಚಿಕ್ಕದೆಂದು ಭಾವಿಸಿ. ಮೊದಲ ವಾರ ಸುಮಾರು 35 ಡಿಗ್ರಿ ಸೆಲ್ಸಿಯಸ್, ನಂತರ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸುವುದು ರೂಢಿ. ಮರಿಗಳು ಬಲ್ಬಿನ ಕೆಳಗೆ ಒತ್ತೊತ್ತಿ ನಿಂತರೆ ಚಳಿ, ದೂರ ಸರಿದು ಬಾಯ್ತೆರೆದರೆ ಸೆಕೆ.

ಗುಣವಾಗುತ್ತಿದೆ ಎಂದು ಹೇಗೆ ತಿಳಿಯುವುದು?

ಹಿಕ್ಕೆ ನೋಡಿ ಬೆಚ್ಚುವವರು ಬಹಳ. ಆರೋಗ್ಯವಂತ ಕೋಳಿಯೂ ದಿನಕ್ಕೆ ಕೆಲವು ಸಲ ಕುರುಡು ಕರುಳಿನಿಂದ ಕಂದು ಬಣ್ಣದ, ಅಂಟಂಟಾದ, ಕೆಟ್ಟ ವಾಸನೆಯ ಹಿಕ್ಕೆ ಹಾಕುತ್ತದೆ. ಕೆಲವೊಮ್ಮೆ ಕಳಚಿದ ಕರುಳ ಪದರದ ನಸುಗೆಂಪು ತುಣುಕು ಇರುತ್ತದೆ. ಇದನ್ನೇ ರಕ್ತವೆಂದು ತಿಳಿದು ಮತ್ತೊಂದು ಸುತ್ತು ಔಷಧಿ ಹಾಕುವುದುಂಟು. ಹಿಕ್ಕೆಗಿಂತ ನಂಬಿಕಸ್ಥ ಸೂಚನೆ ತೂಕ. ಅಡುಗೆಮನೆಯ ತಕ್ಕಡಿಯಲ್ಲಿ ಎರಡು ದಿನಕ್ಕೊಮ್ಮೆ, ಒಂದೇ ಹೊತ್ತಿಗೆ ತೂಗಿ ಬರೆದಿಡಿ. ಸಂಜೆ ಕುತ್ತಿಗೆಯ ಬುಡದಲ್ಲಿರುವ ಮೇವಿನ ಚೀಲ ಮುಟ್ಟಿದಾಗ ಮೆತ್ತಗೆ ತುಂಬಿರಬೇಕು. ತೀವ್ರವಾಗಿ ಬಳಲಿದ ಕೆಲವು ಮರಿಗಳು ಬದುಕಿದರೂ ಜೊತೆಯವುಗಳ ತೂಕ ಮುಟ್ಟದೇ ಹೋಗಬಹುದು.

ಔಷಧಿ ಕೊಟ್ಟ ಎರಡು ಮೂರು ದಿನಗಳಲ್ಲಿ ಬದಲಾವಣೆ ಕಾಣದಿದ್ದರೆ, ಅಥವಾ ಗುಣವಾದ ಮೇಲೆ ದಿಢೀರನೆ ಮರಿಗಳು ಸತ್ತರೆ ತಡಮಾಡಬೇಡಿ. ಹಾನಿಗೊಂಡ ಕರುಳಿನಲ್ಲಿ ಕ್ಲಾಸ್ಟ್ರಿಡಿಯಂ ಎಂಬ ಬ್ಯಾಕ್ಟೀರಿಯಾ ಬೆಳೆದು ಇನ್ನೊಂದು ರೋಗ ತರಬಲ್ಲದು, ಅದಕ್ಕೆ ಬೇರೆಯೇ ಚಿಕಿತ್ಸೆ. ಹೊಸ ಹಿಕ್ಕೆ ಅಥವಾ ಆಗತಾನೇ ಸತ್ತ ಮರಿಯನ್ನು ಪಶು ಆಸ್ಪತ್ರೆಗೆ ಒಯ್ದರೆ ಪರೀಕ್ಷೆ ಸುಲಭ. ಸಹಾಯವಾಣಿ 1962ಕ್ಕೂ ಕರೆ ಮಾಡಬಹುದು. ಬಾಕಿಯಿರುವ ಲಸಿಕೆಯನ್ನು ಮರಿಗಳು ಚೇತರಿಸಿಕೊಂಡ ನಂತರ ಯಾವಾಗ ಹಾಕಿಸಬೇಕೆಂದೂ ಅಲ್ಲಿಯೇ ಕೇಳಿ.

ಕೋಳಿಯ ಐಮೀರಿಯಾ ಮನುಷ್ಯರಿಗಾಗಲಿ ನಾಯಿ, ದನಗಳಿಗಾಗಲಿ ತಗಲುವುದಿಲ್ಲ. ಸಾಲ್ಮೊನೆಲ್ಲಾದ ಭಯ ಇದ್ದೇ ಇರುವುದರಿಂದ ಕೈ ಮಾತ್ರ ಸೋಪಿನಲ್ಲಿ ತೊಳೆಯಿರಿ. ಗುಣವಾದ ಕೋಳಿಗಳು ಮುಂದೆಯೂ ಅಲ್ಪಸ್ವಲ್ಪ ಊಸಿಸ್ಟ್ ಹೊರಹಾಕುತ್ತಿರಬಹುದು, ನೆರಳಿನ ತೇವದ ಮಣ್ಣಿನಲ್ಲಿ ಅವು ತಿಂಗಳುಗಟ್ಟಲೆ ಉಳಿಯುತ್ತವೆ. ಆದ್ದರಿಂದ ಮುಂದಿನ ಬ್ಯಾಚ್ ಗಿರಿರಾಜವಿರಲಿ, ನಾಟಿ ಮರಿಯಿರಲಿ, ಅವುಗಳ ಗೂಡು ಬೇರೆ ಇರಲಿ. ದಿನದ ಕೆಲಸವನ್ನು ಮೊದಲು ಚಿಕ್ಕ ಮರಿಗಳಿಂದ ಶುರುಮಾಡಿ, ಆಮೇಲೆ ದೊಡ್ಡ ಕೋಳಿಗಳ ಕಡೆ ಹೋಗಿ.