ತಾಯಿಗಿಡದ ಬುಡ: ಆರ್ಕಿಡ್ ಬೀಜದ ಮೊಳಕೆ ಮತ್ತು ತೋಟಗಾರರ ಅರಿವು

‘ಬಿತ್ತಿದಂತೆ ಬೆಳೆ’ ಎಂಬುದು ಒಕ್ಕಲುತನದ ಮೂಲ ನಂಬಿಕೆ. ಈ ನಂಬಿಕೆಗೆ ಸುಲಭವಾಗಿ ಒಳಪಡದ ಸಸ್ಯಕುಟುಂಬವೆಂದರೆ ಆರ್ಕಿಡ್. ನಮ್ಮ ಮಲೆನಾಡಿನ ಸೀತಾಳೆ ದಂಡೆಯೂ ಈ ಕುಟುಂಬಕ್ಕೆ ಸೇರಿದ್ದು. ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ತೋಟಗಾರರು ಈ ಬೀಜಗಳನ್ನು ಮೊಳೆಯಿಸಲು ಒಂದು ಉಪಾಯವನ್ನು ಕಂಡುಕೊಂಡರು. ಅದರ ಕಾರಣವನ್ನು ವಿಜ್ಞಾನವು ಸುಮಾರು ಅರ್ಧ ಶತಮಾನದ ತರುವಾಯ ವಿವರಿಸಿತು. ಈ ಎರಡು ಬಗೆಯ ತಿಳಿವಳಿಕೆಗಳ ಸಂಬಂಧವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಆರ್ಕಿಡ್ ಬೀಜ ಧೂಳಿನ ಕಣದಂತಹುದು. ಅದರ ಭ್ರೂಣದಲ್ಲಿ ಸಾಮಾನ್ಯವಾಗಿ ಬೇರು, ಕಾಂಡ, ಬೀಜದಳಗಳೆಂಬ ವಿಂಗಡಣೆಯಿರುವುದಿಲ್ಲ; ಮೊಳಕೆಯನ್ನು ಸಲಹಬಲ್ಲ ಆಹಾರದ ಸಂಗ್ರಹವೂ ತೀರ ಅಲ್ಪ. ಕೊರತೆಯನ್ನು ತುಂಬುವುದು ಸಂಖ್ಯೆ. ಚಾರ್ಲ್ಸ್ ಡಾರ್ವಿನ್ನನು 1862ರಲ್ಲಿ ಪ್ರಕಟಿಸಿದ ಆರ್ಕಿಡ್ ಗ್ರಂಥದಲ್ಲಿ ಒಂದೇ ಗಿಡದ ಬೀಜಗಳನ್ನು ಸುಮಾರು 1,86,300 ಎಂದು ಲೆಕ್ಕ ಹಾಕಿದ್ದಾನೆ. ಅವೆಲ್ಲವೂ ಬೆಳೆದರೆ ಆ ಗಿಡದ ಮರಿಮಕ್ಕಳೇ ಭೂಮಿಯ ನೆಲವನ್ನೆಲ್ಲ ಹೆಚ್ಚುಕಡಿಮೆ ಮುಚ್ಚಿಬಿಡಬೇಕು. ಹಾಗಾಗುವುದಿಲ್ಲವೇಕೆ? ಎಳೆಯ ಆರ್ಕಿಡ್‌ಗಳು ಹೂಬಿಡದ ಯಾವುದೋ ಕೀಳುವರ್ಗದ ಸಸ್ಯಗಳನ್ನು ಆಶ್ರಯಿಸಿ ಬದುಕುತ್ತವೆಯೆಂಬ ಊಹೆಯನ್ನು ಆತ 1863ರಲ್ಲಿ ಮಿತ್ರ ಹೂಕರ್‌ನಿಗೆ ಬರೆದ ಪತ್ರದಲ್ಲಿ ತಿಳಿಸಿದನು. ಅದಕ್ಕೆ ತನ್ನಲ್ಲಿ ಆಧಾರವಿಲ್ಲವೆಂಬುದನ್ನೂ ಒಪ್ಪಿಕೊಂಡನು.

ಆ ವೇಳೆಗಾಗಲೇ ತೋಟಗಾರರು ಸಸಿಗಳನ್ನು ಬೆಳೆಸಿದ್ದರು. ಡಬ್ಲಿನ್ನಿನ ಗ್ಲಾಸ್ನೆವಿನ್ ಉದ್ಯಾನದ ಡೇವಿಡ್ ಮೂರ್ ತನ್ನ ಯಶಸ್ಸನ್ನು 1849ರಲ್ಲಿ ವರದಿ ಮಾಡಿದನು. ಎಕ್ಸೆಟರ್‌ನ ವೀಚ್ ಸಸ್ಯಾಗಾರದ ತೋಟಗಾರ ಜಾನ್ ಡೊಮಿನಿ ಎರಡು ಕ್ಯಾಲಾಂಥೆ ಪ್ರಭೇದಗಳನ್ನು ಕೂಡಿಸಿ ಪಡೆದ ಮಿಶ್ರತಳಿ 1856ರಲ್ಲಿ ಹೂಬಿಟ್ಟಿತು. ಮನುಷ್ಯನು ಕೃತಕವಾಗಿ ಪಡೆದ ಆರ್ಕಿಡ್ ಮಿಶ್ರತಳಿಗಳಲ್ಲಿ ಮೊದಲು ಹೂಬಿಟ್ಟದ್ದು ಇದೇ. ಬೀಜವನ್ನು ಹೊಸ ಮಣ್ಣಿಗೆ ಹಾಕದೆ, ತಾಯಿಗಿಡವಿರುವ ಕುಂಡದಲ್ಲಿಯೇ, ಅದರ ಬುಡದಲ್ಲಿ ಉದುರಿಸುವುದು ಕ್ರಮೇಣ ತೋಟಗಾರರಲ್ಲಿ ರೂಢಿಗೊಂಡ ಪದ್ಧತಿ. ಹೀಗೆ ಮಾಡಿದರೂ ಬದುಕುತ್ತಿದ್ದ ಸಸಿಗಳು ಕೆಲವೇ. ಬೇರೆಡೆ ಅವೂ ಇಲ್ಲ. ಏಕೆಂಬುದಕ್ಕೆ ಅವರಲ್ಲಿ ಉತ್ತರವಿರಲಿಲ್ಲ. ಎಲ್ಲಿ ಬಿತ್ತಬೇಕೆಂಬುದು ಮಾತ್ರ ಅವರಿಗೆ ತಿಳಿದಿತ್ತು.

ಉತ್ತರ ದೊರೆತದ್ದು ಕಾಡಿನಲ್ಲಿ. ಮೆಲನ್‌ನಲ್ಲಿ ಸೈನಿಕ ಸೇವೆಯಲ್ಲಿದ್ದ ಇಪ್ಪತ್ತೈದು ವರ್ಷದ ಫ್ರೆಂಚ್ ಸಸ್ಯವಿಜ್ಞಾನಿ ನೊಯೆಲ್ ಬರ್ನಾರ್‌ನು 1899ರ ಮೇ 3ರಂದು ಸಮೀಪದ ಫಾಂಟೆನ್‌ಬ್ಲೋ ಅರಣ್ಯದಲ್ಲಿ ‘ಹಕ್ಕಿಗೂಡು’ ಎಂಬ ಹೆಸರಿನ ಆರ್ಕಿಡ್‌ನ ಹಳೆಯ ಹೂದಂಡವೊಂದು ತರಗೆಲೆಗಳಡಿ ಹೂತಿರುವುದನ್ನು ಕಂಡನು. ಅದರ ಕಾಯಿಗಳೊಳಗೇ ಬೀಜಗಳು ಮೊಳೆತಿದ್ದವು. ಮೊಳೆತ ಬೀಜಗಳಲ್ಲೆಲ್ಲ ಶಿಲೀಂಧ್ರದ ಎಳೆಗಳು ಹೊಕ್ಕಿದ್ದವು. 1903ರ ವೇಳೆಗೆ ಆತನು ಆರ್ಕಿಡ್ ಬೇರಿನಿಂದ ಪ್ರತ್ಯೇಕಿಸಿದ ಶಿಲೀಂಧ್ರವನ್ನು ಶುದ್ಧೀಕರಿಸಿದ ಬೀಜಗಳೊಡನೆ ಇರಿಸಿ ಮೊಳಕೆ ಬರಿಸಿದನು. ತಾಯಿಗಿಡದ ಕುಂಡದಲ್ಲಿ ಏನಿತ್ತೆಂಬುದು ಇದರಿಂದ ಸ್ಪಷ್ಟವಾಯಿತು.

ಈ ಸಹಜೀವನದ ಬಗೆ ಗಮನಾರ್ಹ. ಎಳೆಗಳು ಭ್ರೂಣದ ಕೋಶಗಳನ್ನು ಹೊಕ್ಕು ದಾರದುಂಡೆಯಂತೆ ಸುತ್ತಿಕೊಳ್ಳುತ್ತವೆ. ಕೋಶವು ಕ್ರಮೇಣ ಆ ಉಂಡೆಗಳನ್ನು ಜೀರ್ಣಿಸಿಕೊಳ್ಳುತ್ತದೆ. ಸಕ್ಕರೆ, ಖನಿಜಾಂಶಗಳು ಹೀಗೆ ಒದಗಿ, ಭ್ರೂಣವು ಪ್ರೋಟೋಕಾರ್ಮ್ ಎಂಬ ಪುಟ್ಟ ಗೆಡ್ಡೆಯಾಗಿ, ಬಳಿಕ ಎಲೆ ಬೇರುಗಳನ್ನು ತಳೆಯುತ್ತದೆ. ಬೆಳೆಗಳ ಬೇರು ಕೊಳೆಯಿಸುವ ಕುಖ್ಯಾತಿಯ ರೈಜೋಕ್ಟೋನಿಯ ಗುಂಪಿನಲ್ಲಿಯೇ ಈ ಶಿಲೀಂಧ್ರಗಳಲ್ಲಿ ಹಲವನ್ನು ಸೇರಿಸಲಾಗಿದೆ. ಒಂದು ಶಿಲೀಂಧ್ರ ಬೀಜವನ್ನು ಕೊಲ್ಲುತ್ತದೆ, ಇನ್ನೊಂದನ್ನು ಬೀಜವೇ ಹೊರಗಿಡುತ್ತದೆ, ಮತ್ತೊಂದರೊಡನೆ ಮಾತ್ರ ಸಮತೋಲ ಏರ್ಪಡುತ್ತದೆ ಎಂಬುದನ್ನು ಬರ್ನಾರ್‌ನು ಗುರುತಿಸಿದ್ದನು. ಆತನ ದೃಷ್ಟಿಯಲ್ಲಿ ಸಹಜೀವನವು ರೋಗದ ಅಂಚಿನಲ್ಲಿರುವ ಸ್ಥಿತಿ. ಇದೇ ತತ್ತ್ವವನ್ನು ಆಲೂಗಡ್ಡೆಯ ಗೆಡ್ಡೆಗೂ ವಿಸ್ತರಿಸಿದ್ದು ಮಾತ್ರ ನಿಲ್ಲಲಿಲ್ಲ. 1911ರಲ್ಲಿ, ತನ್ನ ಮೂವತ್ತಾರನೆಯ ವಯಸ್ಸಿನಲ್ಲಿ, ಆತನು ತೀರಿಕೊಂಡನು.

ಬರ್ನಾರ್‌ನು ಪ್ರಯೋಗಗಳಲ್ಲಿ ಬಳಸಿದ ಆಹಾರಮಾಧ್ಯಮ ಸಾಲೆಪ್. ಅದು ಆರ್ಕಿಡ್ ಗೆಡ್ಡೆಗಳ ಪುಡಿ. ತುರ್ಕಿಯಲ್ಲಿ ಪಾನೀಯವಾಗಿಯೂ ನಮ್ಮಲ್ಲಿ ಸಾಲಮ್ ಮಿಸ್ರಿ ಎಂಬ ಹೆಸರಿನ ಔಷಧಿಯಾಗಿಯೂ ಬಳಕೆಯಲ್ಲಿರುವ ಪದಾರ್ಥವಿದು. ಮಾಧ್ಯಮದ ಸಾಂದ್ರತೆಯನ್ನು ಹೆಚ್ಚಿಸಿದರೆ ಶಿಲೀಂಧ್ರವಿಲ್ಲದೆಯೂ ಬೀಜ ಮೊಳೆಯುವುದನ್ನು ಆತ ಕಂಡಿದ್ದನು. ಈ ಎಳೆಯನ್ನು ಮುಂದುವರಿಸಿ, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಲೂಯಿಸ್ ನಡ್ಸನ್ ಸಕ್ಕರೆ ಮತ್ತು ಖನಿಜ ಲವಣಗಳಿಂದಲೇ ಸೀಸೆಯೊಳಗೆ ಬೀಜ ಮೊಳೆಯಿಸಿದ ವಿಧಾನವನ್ನು 1922ರಲ್ಲಿ ಪ್ರಕಟಿಸಿದನು. ಆರ್ಕಿಡ್ ಉದ್ಯಮ ಬೆಳೆದದ್ದು ಈ ವಿಧಾನದಿಂದ. ಶಿಲೀಂಧ್ರ ನಿಜಕ್ಕೂ ಬೇಕೇ ಎಂಬ ವಾದವೂ ಇದರಿಂದಲೇ ಹುಟ್ಟಿತು. 1960ರ ದಶಕದಲ್ಲಿ ಸ್ಯಾಲಿ ಸ್ಮಿತ್ ನಡೆಸಿದ ಪ್ರಯೋಗಗಳು, ಎಳೆಗಳ ಮೂಲಕ ಇಂಗಾಲಾಂಶವು ಸಸಿಯನ್ನು ಸೇರುವುದನ್ನು ತೋರಿಸಿದವು. ಬೆಳೆದು ಹಸಿರಾದ ಗಿಡವೂ ಶಿಲೀಂಧ್ರಕ್ಕೆ ಇಂಗಾಲಾಂಶವನ್ನು ಮರಳಿಸುತ್ತದೆ ಎಂಬುದು ಗುಡ್‌ಯೆರ ರಿಪೆನ್ಸ್ ಎಂಬ ಆರ್ಕಿಡ್‌ನಲ್ಲಿ 2006ರಲ್ಲಿ ಸಿದ್ಧಪಟ್ಟಿತು.

ಈ ಚರಿತ್ರೆಯಿಂದ ಎರಡು ಅಂಶಗಳು ಹೊರಡುತ್ತವೆ. ಒಂದು, ಕಾರಣ ತಿಳಿಯದ ರೂಢಿಯನ್ನು ಕೇವಲ ನಂಬಿಕೆಯೆಂದು ತಳ್ಳಿಹಾಕುವುದು ಸರಿಯಲ್ಲ. ಶಾಸ್ತ್ರವು ಮುಂದೆ ವಿವರಿಸಿದ ಸಂಗತಿಯೊಂದು ತೋಟಗಾರರ ರೂಢಿಯಲ್ಲಿ ಆಚರಣೆಯ ರೂಪದಲ್ಲಿ ಉಳಿದುಬಂದಿತ್ತು. ಹಾಗೆಂದು ರೂಢಿಯನ್ನೇ ಶಾಸ್ತ್ರವೆಂದು ಕರೆಯುವುದೂ ಅತಿಯಾದೀತು. ಬರ್ನಾರ್‌ನ ಪ್ರಯೋಗಗಳಿಲ್ಲದೆ ಶಿಲೀಂಧ್ರವು ಕಾಣುತ್ತಿರಲಿಲ್ಲ. ಎರಡು, ಸೀಸೆಯಲ್ಲಿ ಬೆಳೆಸಿದ ಸಸಿಯನ್ನು ಕಾಡಿಗೆ ಮರಳಿಸಿದ ಮಾತ್ರಕ್ಕೆ ಅದರ ಸಂತತಿ ಉಳಿಯದು. ಅದರ ಬೀಜ ಬೀಳುವಲ್ಲಿ ತಕ್ಕ ಶಿಲೀಂಧ್ರವೂ ಇರಬೇಕು. ಸೀತಾಳೆ ದಂಡೆಯನ್ನು ಉಳಿಸಬೇಕೆನ್ನುವವರು ಅದು ಅಂಟಿಕೊಂಡ ಮರದ ತೊಗಟೆಯನ್ನೂ ಸುತ್ತಲಿನ ಕಾಡನ್ನೂ ಉಳಿಸಬೇಕಾಗುತ್ತದೆ. ಬೀಜವನ್ನು ತಾಯಿಗಿಡದ ಬುಡದಲ್ಲಿಯೇ ಉದುರಿಸುತ್ತಿದ್ದ ತೋಟಗಾರರ ಪದ್ಧತಿ ಸೂಚಿಸುವುದೂ ಇದನ್ನೇ.