ಬಹುಭಾಷಿಕ ಬೀದರ್‌ನಲ್ಲಿ ಮಾಹಿತಿ ಸಂಸ್ಕರಣಾ ವೇಗದ ಅಳತೆ: ಮಲ್ಟಿಪಲ್ ಸ್ಕ್ಲೆರೋಸಿಸ್ ಪರೀಕ್ಷೆಗಳ ಪರಿಶೀಲನೆ

ಪೀಠಿಕೆ

ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿ (ಎಂಎಸ್) ಮಿದುಳು, ಬೆನ್ನುಹುರಿಗಳ ನರತಂತುಗಳ ಮೇಲಿನ ಮಯಲಿನ್ ಹೊದಿಕೆ ಹಾಳಾಗಿ ಸಂಕೇತಗಳ ಸಾಗಣೆ ನಿಧಾನವಾಗುತ್ತದೆ. ಅನೇಕ ರೋಗಿಗಳಿಗೆ ಕೇಳಿದ್ದು ತಿಳಿಯುತ್ತದೆ, ಉತ್ತರವೂ ಗೊತ್ತಿರುತ್ತದೆ. ಹೇಳಲು ಮಾತ್ರ ಹೊತ್ತು ಹಿಡಿಯುತ್ತದೆ. ನಡಿಗೆಯ ತೊಡಕಿನಂತೆ ಈ ನಿಧಾನ ಕಣ್ಣಿಗೆ ಬೀಳುವುದಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಎಂಎಸ್ ಇದೆ. ಹೀಗಾಗಿ ನಿಖರ ಅಳತೆ ಚಿಕಿತ್ಸೆಗೂ ಬೇಕು, ಹಕ್ಕಿಗೂ ಬೇಕು. ಬಹುಭಾಷಿಕ ಬೀದರ್ ಜಿಲ್ಲೆಯ ಬೀದರ್ ನಗರ, ಭಾಲ್ಕಿ, ಔರಾದ್‌ಗಳಲ್ಲಿ ರೋಗಿಯ ಭಾಷೆ ಮತ್ತು ಓದನ್ನು ಗಣನೆಗೆ ತೆಗೆದುಕೊಳ್ಳದ ಅಂಕವು ಮಾಹಿತಿ ಸಂಸ್ಕರಣಾ ವೇಗದ ಅಳತೆಯಾಗದು ಎಂಬುದು ಈ ಲೇಖನದ ವಾದ.

ಪರೀಕ್ಷೆಯ ಸ್ವರೂಪ

ನರಮನೋವಿಜ್ಞಾನಿ ಆರನ್ ಸ್ಮಿತ್ 1973ರಲ್ಲಿ ಪ್ರಕಟಿಸಿದ ಎಸ್‌ಡಿಎಂಟಿ (ಸಿಂಬಲ್ ಡಿಜಿಟ್ ಮೊಡಾಲಿಟೀಸ್ ಟೆಸ್ಟ್) ಪರೀಕ್ಷೆಯ ಹಾಳೆಯ ಮೇಲ್ಭಾಗದಲ್ಲಿ ಒಂಬತ್ತು ಚಿಹ್ನೆಗಳಿವೆ. ಒಂದೊಂದಕ್ಕೂ 1ರಿಂದ 9ರವರೆಗಿನ ಒಂದು ಅಂಕಿ ಜೋಡಿಯಾಗಿದೆ. ಕೆಳಗಿನ ಸಾಲುಗಳಲ್ಲಿ ಬರೀ ಚಿಹ್ನೆಗಳು. 90 ಸೆಕೆಂಡುಗಳಲ್ಲಿ ಸರಿಯಾಗಿ ಹೊಂದಿಸಿದ ಅಂಕಿಗಳ ಸಂಖ್ಯೆಯೇ ಫಲಿತಾಂಶ. ಕೈಯಲ್ಲಿ ಬಲವಿಲ್ಲದವರು ಬಾಯಲ್ಲೇ ಹೇಳಬಹುದು. ಐದೇ ನಿಮಿಷ ಸಿಕ್ಕರೂ ಇದೊಂದನ್ನು ಮಾಡಬೇಕೆಂದು ಎಂಎಸ್ ರೋಗಿಗಳ ಅರಿವಿನ ಸಾಮರ್ಥ್ಯ ಅಳೆಯುವ ಕಿರು ಪರೀಕ್ಷೆಗಳನ್ನು ಆರಿಸಿದ 2012ರ ಬೈಕ್ಯಾಮ್ಸ್ ತಜ್ಞರ ಸಮಿತಿ ಸೂಚಿಸಿತು. ವೇಗ ಅಳೆಯುವ ಇನ್ನೊಂದು ಪರೀಕ್ಷೆಯಾದ ಪಾಸಾಟ್‌ನಲ್ಲಿ (ಪೇಸ್ಡ್ ಆಡಿಟರಿ ಸೀರಿಯಲ್ ಅಡಿಷನ್ ಟೆಸ್ಟ್) ಮೂರು ಸೆಕೆಂಡಿಗೊಂದರಂತೆ ಕೇಳಿಬರುವ ಅಂಕಿಯನ್ನು ಹಿಂದಿನದಕ್ಕೆ ಕೂಡಿಸುತ್ತ ಹೋಗಬೇಕು. ಬಾಯಿಲೆಕ್ಕದ ರೂಢಿಯಿಲ್ಲದವರು ಇದರಲ್ಲಿ ಮೊದಲೇ ಹಿಂದೆ ಬೀಳುತ್ತಾರೆ.

ಚರ್ಚೆ

ಬೀದರ್, ಭಾಲ್ಕಿ, ಔರಾದ್‌ಗಳಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ಒಟ್ಟಿಗೆ ಬಳಕೆಯಲ್ಲಿವೆ. ಉರ್ದುವಿನ ಏಕ್, ದೋ, ತೀನ್ ಏಕಾಕ್ಷರದ ಉಚ್ಚಾರಗಳು. ಕನ್ನಡದ ಎರಡು, ನಾಲ್ಕು, ಒಂಬತ್ತು ಅದಕ್ಕಿಂತ ದೀರ್ಘ. ಎಸ್‌ಡಿಎಂಟಿಯಲ್ಲಿ ಬಾಯಲ್ಲಿ ಹೇಳುವಾಗ ಉತ್ತರವೊಂದಕ್ಕೆ 2 ಸೆಕೆಂಡು ತೆಗೆದುಕೊಳ್ಳುವವರು 45 ಅಂಕ ಗಳಿಸುತ್ತಾರೆ. ಉಚ್ಚಾರಕ್ಕೇ 0.1 ಸೆಕೆಂಡು ಹೆಚ್ಚಾದರೆ ಅಂಕ 43ಕ್ಕಿಂತ ಕೆಳಗಿಳಿಯುತ್ತದೆ. 4 ಅಂಕಗಳ ಇಳಿಕೆಯನ್ನೇ ವೈದ್ಯಕೀಯವಾಗಿ ಮಹತ್ವದ್ದೆಂದು ಎಣಿಸುವಾಗ ಈ ವ್ಯತ್ಯಾಸ ಸಣ್ಣದಲ್ಲ. ಆದ್ದರಿಂದ ರೋಗಿ ದಿನವೂ ಯಾವ ಭಾಷೆಯಲ್ಲಿ ಎಣಿಸುತ್ತಾರೋ ಅದರಲ್ಲೇ ಉತ್ತರ ಪಡೆಯಬೇಕು; "ನಾಕ್" ಎಂಬ ಆಡುಮಾತನ್ನೂ ಒಪ್ಪಬೇಕು.

ಎಂಎಸ್ ದೃಷ್ಟಿನರಕ್ಕೂ ತಗಲುವುದರಿಂದ ಕಣ್ಣಿನ ತಪಾಸಣೆ ಮೊದಲಾಗಬೇಕು. ಮೈ ಬಿಸಿಯಾದಾಗ ಲಕ್ಷಣಗಳು ಉಲ್ಬಣಿಸುತ್ತವೆ; ಬೇಸಿಗೆಯ ಮಧ್ಯಾಹ್ನ ಔರಾದ್‌ನಿಂದ ಬಸ್ಸಿನಲ್ಲಿ ಬೀದರ್‌ಗೆ ಬಂದಿಳಿದವರನ್ನು ಆ ಕೂಡಲೇ ಪರೀಕ್ಷೆಗೆ ಕೂರಿಸಬಾರದು.

ಹೋಲಿಕೆಗೆ ಯಾರನ್ನು ಆರಿಸಬೇಕು ಎಂಬುದು ಮುಖ್ಯ ಪ್ರಶ್ನೆ. 2004ರ ನಿಮ್ಹಾನ್ಸ್ ನರಮನೋವೈಜ್ಞಾನಿಕ ಪರೀಕ್ಷಾಮಾಲೆ ವಯಸ್ಸು, ಲಿಂಗ, ಶಿಕ್ಷಣಗಳಿಗೆ ತಕ್ಕಂತೆ ಮಾನದಂಡಗಳನ್ನು ವಿಂಗಡಿಸಿದೆ. ಅದೇ ದಾರಿಯಲ್ಲಿ ಬೀದರ್ ಜಿಲ್ಲೆಯ ಆರೋಗ್ಯವಂತರಿಂದ ಭಾಷಾವಾರು ಮಾನದಂಡ ರೂಪಿಸಬೇಕು. 2011ರ ಜನಗಣತಿಯಲ್ಲಿ ಈ ಜಿಲ್ಲೆಯ ಸಾಕ್ಷರತೆ ಸುಮಾರು ಶೇ. 70 ಇದ್ದುದರಿಂದ, ಶಾಲೆ ಕಾಣದವರಿಗೂ ಆ ಮಾನದಂಡದಲ್ಲಿ ಪ್ರತ್ಯೇಕ ವರ್ಗವಿರಬೇಕು.

ತೀರ್ಮಾನ

ಅಂತಹ ಮಾನದಂಡ ಸಿದ್ಧವಾಗುವವರೆಗೆ ರೋಗಿಯನ್ನು ಅವರ ಹಿಂದಿನ ಅಂಕದೊಂದಿಗೇ ಹೋಲಿಸುವುದು ನ್ಯಾಯ. ಪ್ರತಿ ಸಲವೂ ಭಾಷೆ ಒಂದೇ ಇರಲಿ, ಚಿಹ್ನೆಗಳ ಜೋಡಣೆ ಬದಲಾಗಲಿ. ಅಂಕದ ಪಕ್ಕದಲ್ಲಿ ಎಣಿಕೆಯ ಭಾಷೆ, ಓದಿದ ವರ್ಷ, ದೃಷ್ಟಿ, ಪರೀಕ್ಷೆಯ ಹೊತ್ತು ದಾಖಲಾಗಲಿ. ಇದಕ್ಕೆ ಹೊಸ ಯಂತ್ರ ಬೇಡ. ಬೀದರ್‌ನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಿಂದ ತಾಲ್ಲೂಕು ಆಸ್ಪತ್ರೆಗಳವರೆಗೆ ಎಲ್ಲೆಡೆ ಇದನ್ನು ಇಂದೇ ಆರಂಭಿಸಬಹುದು.